ಸತ್ತವನ ಕ್ಯಾಪ್ಟನ್

ಸೋಮವಾರ ಬೆಳಿಗ್ಗೆ ಕಪಿಲನ ಮೊಬೈಲ್ ರಿಪೇರಿ ಅಂಗಡಿಯ ಶಟರ್ ಅರ್ಧ ಇಳಿದೇ ಇತ್ತು. ಎದುರು ಮನೆಯ ಹುಸೇನಬಿ ಹಾಲು ತರಲು ಹೊರಟವಳು ಬಗ್ಗಿ ನೋಡಿದಳು. ಒಳಗೆ ಫ್ಯಾನು ತಿರುಗುತ್ತಿತ್ತು. ಕಪಿಲ ಮೇಜಿನ ಪಕ್ಕ ಬೋರಲು ಬಿದ್ದಿದ್ದ. ನೊಣ ಕೂತಿದ್ದವು. ಆಕೆ ಓಣಿಗೆಲ್ಲ ಕೇಳುವಂತೆ ಒದರಿದಳು.

ಹಳೇ ಹುಬ್ಬಳ್ಳಿಯ ಇಕ್ಕಟ್ಟಿನ ಓಣಿ. ಎ.ಎಸ್.ಐ. ಹುಲಿಗೆವ್ವ ಬರುವಷ್ಟರಲ್ಲಿ ಕಾಲಿಡಲು ಜಾಗವಿರಲಿಲ್ಲ. ಜನರನ್ನು ಸರಿಸಿ ಒಳಗೆ ಹೋಗಿ, ಹೆಣದ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಆಕೆ ಯಾವುದನ್ನೂ ನಿಂತು ನೋಡುವವಳಲ್ಲ.

ತಲೆಯ ಹಿಂದೆ ಒಂದೇ ಪೆಟ್ಟು. ಶಟರ್ ಎಳೆಯುವ ಕಬ್ಬಿಣದ ಕೊಕ್ಕೆ ರಕ್ತ ಮೆತ್ತಿಕೊಂಡು ಮೂಲೆಯಲ್ಲಿತ್ತು. ಗಿರಾಕಿಗಳ ಫೋನುಗಳು ಇದ್ದಲ್ಲೇ ಇದ್ದವು. ಅಂದರೆ ಬಂದವನು ಕಳ್ಳನಲ್ಲ. ಕಪಿಲ ಅವನಿಗೆ ಬೆನ್ನು ಕೊಟ್ಟು ಕೆಲಸ ಮಾಡುತ್ತಿದ್ದ. ಅಂದರೆ ಗುರುತಿನವನು.

ಆಮೇಲೆ ಕೈ ನೋಡಿದಳು. ಬೆರಳಿಗೆಲ್ಲ ರಿಪೇರಿಯ ಕರಿ ಜಿಡ್ಡು. ಬಲಗೈ ಹೆಬ್ಬೆರಳೊಂದೇ ಸ್ವಚ್ಛ. ಯಾರೋ ತಿಕ್ಕಿ ಒರೆಸಿದ ಹಾಗಿತ್ತು.

ರವಿವಾರ ಮಧ್ಯಾಹ್ನ ಉಂಡು ಬಂದ ಸ್ವಲ್ಪ ಹೊತ್ತಿಗೇ ಜೀವ ಹೋಗಿದೆ ಎಂದರು ಡಾಕ್ಟರು. ಮನೆಯಲ್ಲಿ ಯಾರೂ ಹುಡುಕಿರಲಿಲ್ಲ. ಫುಟ್ಬಾಲ್ ಆಟವಿದ್ದ ದಿನ ಅವನು ಅಂಗಡಿಯಲ್ಲೇ ಮಲಗುತ್ತಿದ್ದ.

* * *

ಮಧ್ಯಾಹ್ನಕ್ಕೆಲ್ಲ ಇನ್ಸ್‌ಪೆಕ್ಟರ್ ಸಾಹೇಬರು ಕೊಲೆಗಾರನನ್ನು ಹಿಡಿದಾಗಿತ್ತು. ಓಣಿಯ ತುದಿಯಲ್ಲಿ ಮಿರ್ಚಿ ಕರಿಯುವ ಹನಮೇಶ. ರವಿವಾರ ಅವನು ಕಪಿಲನಿಗೆ "ನಿನ್ನ ತಲಿ ಒಡೀತೇನಿ" ಎಂದು ಒದರಿದ್ದನ್ನು ಹುಸೇನಬಿ ಕೇಳಿದ್ದಳು. ಸಾಹೇಬರಿಗೆ ಅಷ್ಟು ಸಾಕಾಯಿತು. ನಾಳೆ ಕೋರ್ಟಿಗೆ ಒಯ್ಯುವುದರೊಳಗೆ ಇವನ ಬಾಯಿಂದ ಒಪ್ಪಿಗೆ ಬರಬೇಕು ಎಂದು ಪೊಲೀಸ್ ಹುಡುಗರಿಗೆ ಹೇಳಿ ಊಟಕ್ಕೆ ಹೋದರು.

ಹುಲಿಗೆವ್ವ ಲಾಕಪ್ಪಿಗೆ ಹೋದಾಗ ಹನಮೇಶನ ಅಂಗಾಲು ಬಾತು ಬದನೆಕಾಯಿ ಬಣ್ಣಕ್ಕೆ ತಿರುಗಿದ್ದವು. ಏನು ಜಗಳ ಎಂದು ಕೇಳಿದಳು. ಅವನು ತಡೆತಡೆದು ಹೇಳಿದ.

ಅದೊಂದು ಫೋನಿನ ಆಟ. ಇಂಗ್ಲೆಂಡಿನಲ್ಲಿ ಆಡುವ ಆಟಗಾರರನ್ನು ಇಲ್ಲಿ ಕೂತು ಆರಿಸಿ ತನ್ನದೊಂದು ತಂಡ ಕಟ್ಟಬೇಕು. ಅವರು ಅಲ್ಲಿ ಗೋಲು ಹೊಡೆದರೆ ಇಲ್ಲಿ ಇವರಿಗೆ ಅಂಕ. ಒಬ್ಬನನ್ನು ಕ್ಯಾಪ್ಟನ್ ಮಾಡಬೇಕು, ಅವನ ಅಂಕ ಎರಡು ಪಟ್ಟು. ಆಟ ಶುರುವಾದ ಮೇಲೆ ಬದಲಿಸುವಂತಿಲ್ಲ. ವರ್ಷದ ಕೊನೆಗೆ ತಳದಲ್ಲಿ ಉಳಿದವನ ತಲೆ, ಹುಬ್ಬು ಎರಡನ್ನೂ ಓಣಿಯ ನಡುವೆ ಬೋಳಿಸುತ್ತಾರೆ. ವಿಡಿಯೋ ಮಾಡುತ್ತಾರೆ. ಹೋದ ವರ್ಷ ಹನಮೇಶ ಕೂತಿದ್ದ. ಆ ವಿಡಿಯೋ ಉಪ್ಪಿನಬೆಟಗೇರಿಯ ಬೀಗರಿಗೆ ಮುಟ್ಟಿತು. ಹುಬ್ಬಿಲ್ಲದ ಅಳಿಯ ಬೇಡವೆಂದು ಸಂಬಂಧ ಮುರಿದರು.

"ಈ ವರ್ಷಾನೂ ನಾನ ತಳಕ್ಕರಿ ಅಕ್ಕಾರ. ಇನ್ನೊಮ್ಮಿ ಕೂಡಂಗಿಲ್ಲ ಅಂದ್ನಿ. ಕಪಿಲ ನಕ್ಕ. ಸಿಟ್ಟಿಗೆ ಅಂದ್ನಿರಿ, ಹೊಡೀಲಿಲ್ಲ."

"ಗೆಲ್ಲು ಸಾಲಿನ್ಯಾಗ ಯಾರಿದ್ರು?"

"ಕಪಿಲ. ಅವನ ಬೆನ್ನಿಗೇ ಮಾಳಮಡ್ಡಿ ವಿಶಾಲ. ರವಿವಾರದ್ದ ಕಡೀ ಆಟ." ಅಂಗಾಲು ಸವರಿಕೊಳ್ಳುತ್ತ ಅಂದ, "ಸಂಜಿಗೆ ಮತ್ತ ಬಡೀತಾರ. ನಾ ಹೂಂ ಅಂದುಬಿಡ್ತೇನಿರಿ."

* * *

ಧಾರವಾಡದ ಮಾಳಮಡ್ಡಿಯಲ್ಲಿ ಹತ್ತಿ ವ್ಯಾಪಾರಿ ನೀಲಕಂಠಪ್ಪನವರ ಮನೆ. ಮಹಡಿಯ ಮೇಲೆ ಮಗ ವಿಶಾಲನ ಕೋಣೆ. ಎರಡು ಕಂಪ್ಯೂಟರು, ಗೋಡೆ ತುಂಬ ಆಟಗಾರರ ಚಿತ್ರ. ಈ ಆಟವನ್ನು ಕಲಿಸುತ್ತೇನೆಂದು ಕಾಲೇಜು ಹುಡುಗರ ಒಂದು ದಂಡನ್ನೇ ಕಟ್ಟಿಕೊಂಡಿದ್ದ. ಅವರು ಇವನನ್ನು ಗುರುಗಳೇ ಎನ್ನುತ್ತಿದ್ದರು. ಆ ಹೆಸರೇ ಅವನ ಬಂಡವಾಳ.

ಕಣ್ಣು ಕೆಂಪಾಗಿದ್ದವು, ನಿದ್ದೆಯಿರಲಿಲ್ಲ. ಗೆಳೆಯ ಸತ್ತಿದ್ದಾನೆ, ಇರಬಹುದು ಅಂದುಕೊಂಡಳು. ರವಿವಾರ ಇಡೀ ದಿನ ಕೋಣೆಯಲ್ಲೇ ಇದ್ದೆ ಎಂದ. ಆಟದ ಮಾತು ತೆಗೆದದ್ದೇ ಅವನಿಗೆ ಜೀವ ಬಂತು.

"ಮಂದಿ ಇದನ್ನ ನಸೀಬ ಅಂತಾರ ಮೇಡಂ. ಪೂರಾ ಲೆಕ್ಕ ಇದು. ಯಾರ ಕಾಲು ನೋಯತೈತಿ, ಯಾರು ಹೊರಗ ಕೂಡ್ತಾನ, ಎಲ್ಲಾ ಮೊದಲ ಗೊತ್ತಾಗತೈತಿ."

"ಹಂಗಾರ ನೀನ ಗೆದ್ದಿರಬೇಕಲ್ಲ ತಮ್ಮಾ?"

ಅವನ ಬಾಯಿ ಸೊಟ್ಟಗಾಯಿತು. ಇಲ್ಲ, ಕಪಿಲನೇ ಗೆದ್ದ ಎಂದ. ರವಿವಾರ ಲೋಕವೆಲ್ಲ ಒಬ್ಬ ಗುಂಗುರುಗೂದಲಿನ ಆಟಗಾರನನ್ನು ಕ್ಯಾಪ್ಟನ್ ಮಾಡಿತ್ತು. ಅವನು ಆಟ ಶುರುವಾಗುತ್ತಲೇ ಯಾರಿಗೋ ಒದ್ದು, ಕೆಂಪು ಕಾರ್ಡು ತಿಂದು ಹೊರಗೆ ಹೋದ. ನಂಬಿದವರೆಲ್ಲ ಮುಳುಗಿದರು. ವಿಶಾಲ ಬೇರೊಬ್ಬನನ್ನು ನಂಬಿದ್ದ, ಆತ ಒಂದು ಗೋಲು ಹೊಡೆದ. ಕಪಿಲನ ಕ್ಯಾಪ್ಟನ್ ಮಾತ್ರ ಒಬ್ಬ ಬೋಳುತಲೆಯವನು. ಆತ ಮೂರು ಗೋಲು ಹೊಡೆದ.

"ಅದು ಕಪಿಲನ ಜಾಣತನ ಅನ್ನು."

"ಅದೊಂದು ನಸೀಬರಿ," ಎಂದ ವಿಶಾಲ, ಹಲ್ಲು ಕಚ್ಚಿ. ಅದನ್ನು ತೋರಿಸಲು, ರವಿವಾರ ಬೆಳಿಗ್ಗೆ ಶಿಷ್ಯರಿಗೆ ತಾನು ಕಳಿಸಿದ್ದ ಮಾತನ್ನು ಫೋನಿನಲ್ಲಿ ಹಚ್ಚಿದ. ಬೋಳುತಲೆಯವನ ಮೊಣಕಾಲು ಬಾತಿದೆ, ಅವನು ಆಡುವುದಿಲ್ಲ, ಅವನನ್ನು ಕ್ಯಾಪ್ಟನ್ ಮಾಡಿದವನು ಸತ್ತ ಎಂದಿತ್ತು ಅದರಲ್ಲಿ.

* * *

ಕಪಿಲನಿಗೆ ಇದ್ದವಳು ಅಜ್ಜಿ ಗೋದಾಬಾಯಿ ಒಬ್ಬಳೇ. ದೇವರ ಕೋಣೆಯಲ್ಲಿ ಗೋಡೆಗೆ ಆತು ಕೂತಿದ್ದಳು. ಅಳು ಮುಗಿದಿತ್ತು. ಹುಲಿಗೆವ್ವ ಕಪಿಲನ ಫೋನು ಮುಂದಿಟ್ಟು, ಇದನ್ನು ತೆರೆಯುವುದು ಗೊತ್ತೇನು ಆಯಿ ಎಂದಳು. ಆರತಿ ಹಾಡು ಹಚ್ಚಿಕೊಳ್ಳಲೆಂದು ಮೊಮ್ಮಗ ಫೋನಿನ ಬೀಗ ಬಿಚ್ಚುವ ಗೆರೆ ಎಳೆಯುವುದನ್ನು ಕಲಿಸಿದ್ದ. ಬೆರಳಿನಿಂದ ಎಳೆದಳು. ಕಪಿಲನ ತಂಡ ಬಿಚ್ಚಿಕೊಂಡಿತು.

ಮುದುಕಿ ಕಣ್ಣನ್ನು ಹತ್ತಿರ ಒಯ್ದಳು. "ಯವ್ವಾ, ಇಂವ ಯಾಕ ಬಂದ ಇಲ್ಲಿ?"

ಕ್ಯಾಪ್ಟನ್ ಗುರುತು ಬೋಳುತಲೆಯ ಮೇಲಿತ್ತು.

ಆಮೇಲೆ ಆಕೆ ಹೇಳಿದ್ದಿಷ್ಟು. ಪ್ರತಿ ಆಟದ ಬೆಳಿಗ್ಗೆ ಕಪಿಲ ಬಂದು ಒಂದೊಂದೇ ಮುಖ ತೋರಿಸುತ್ತಿದ್ದ. ಆಕೆ ದಾಸವಾಳದ ಎಸಳನ್ನು ನೀರಲ್ಲಿ ಅದ್ದಿ ದೇವಿಯ ಮೂರ್ತಿಗೆ ಹಚ್ಚಿ ಪ್ರಸಾದ ಕೇಳುತ್ತಿದ್ದಳು. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ. ದೇವಿ ಬಲ ಕೊಟ್ಟವನೇ ಕ್ಯಾಪ್ಟನ್. ಅದನ್ನು ಅವನು ಎಂದೂ ಮೀರಿದವನಲ್ಲ. ಓಣಿಯಲ್ಲಿ ಮಾತ್ರ ತಾನೇ ಲೆಕ್ಕ ಹಾಕಿದಂತೆ ಮೆರೆಯುತ್ತಿದ್ದ.

"ರವಿವಾರ ಈ ಬೋಳ್ಯಾಗ ಎಡಕ್ಕ ಬಿತ್ತು. ಗುಂಗುರುಗೂದಲಿನಂವಗ ಬಲಕ್ಕ ಕೊಟ್ಟಳು. ನನ್ನ ಮುಂದ ಕೂತ ಅವನ್ನ ಮಾಡಿ, ಉಂಡು ಹ್ವಾದ."

ಹುಲಿಗೆವ್ವನಿಗೆ ಆ ಸ್ವಚ್ಛ ಹೆಬ್ಬೆರಳು ಕಣ್ಣಿಗೆ ಕಟ್ಟಿತು.

* * *

ಸಂಜೆ ವಿಶಾಲನನ್ನು ಠಾಣೆಗೆ ಕರೆಸಿದಳು. ಸಾಹೇಬರು ಕುರ್ಚಿಯಲ್ಲಿ ಆಕಳಿಸುತ್ತಿದ್ದರು. ಪಕ್ಕದ ಲಾಕಪ್ಪಿನಿಂದ ಹನಮೇಶನ ನರಳಿಕೆ ಬರುತ್ತಿತ್ತು.

"ಉಂಡು ಬರೂ ಮುಂದ ಕಪಿಲನ ಕ್ಯಾಪ್ಟನ್ ಗುಂಗುರುಗೂದಲಿನಂವ ಇದ್ದ," ಎಂದಳು. "ಸತ್ತ ಮ್ಯಾಲೆ ಬೋಳುತಲಿಯಂವ ಆದ. ಹೆಣದ ಹೆಬ್ಬೆರಳು ಒರಿಸಿ ಯಾರೋ ಫೋನ್ ತಗದಾರ. ಜಿಡ್ಡಿದ್ರ ತಗೀತಿರಲಿಲ್ಲ, ಹೌದಲ್ಲೋ?"

ಹನಮೇಶನೇ ಮಾಡಿರಬಹುದು ಎಂದ ವಿಶಾಲ.

ಹನಮೇಶ ತಳದಲ್ಲಿದ್ದವನು. ಕಪಿಲ ಗೆದ್ದರೂ ಸೋತರೂ ಅವನ ಹುಬ್ಬು ಹೋಗುವುದೇ. ಕಪಿಲ ಸೋತರೆ ಮೇಲೇರುವವನು ಒಬ್ಬನೇ ಇದ್ದ. ಬೋಳುತಲೆಯವನು ಆಡುವುದಿಲ್ಲ ಎಂದು ಸಾರಿದವನೂ ಅವನೇ. ಶತ್ರುವಿನ ತಂಡ ಮುಳುಗಿಸಲು ಅವನಿಗೆ ಅದಕ್ಕಿಂತ ಒಳ್ಳೆಯ ಕಲ್ಲು ಸಿಗುತ್ತಿರಲಿಲ್ಲ. ಇದನ್ನೆಲ್ಲ ಹುಲಿಗೆವ್ವ ಮೆಲ್ಲಗೆ, ಕೂಸಿಗೆ ಹೇಳುವಂತೆ ಹೇಳಿದಳು. ವಿಶಾಲ ನೆಲ ನೋಡುತ್ತಿದ್ದ. ಒಪ್ಪಲಿಲ್ಲ. ಕೈಯಲ್ಲಿ ಸಾಕ್ಷಿ ಎಂದರೆ ಒಬ್ಬ ಮುದುಕಿಯ ಮಾತು ಮತ್ತು ಒಂದು ಹೂ. ಸಾಹೇಬರು ಆಗಲೇ ಹನಮೇಶನ ಕಡೆ ತಿರುಗಿದ್ದರು.

ಆಗ ಆಕೆ ಅವನ ಹತ್ತಿರ ಬಗ್ಗಿದಳು.

"ನಿನ್ನ ಕೈ ಸುಮ್ಮನಿದ್ದಿದ್ರ ಗುಂಗುರುಗೂದಲಿನಂವ ಕಪಿಲನ್ನ ಮುಳುಗಸ್ತಿದ್ದ. ನೀನ ಗೆಲ್ತಿದ್ದಿ. ನೀನ ಅವನ್ನ ಗೆಲ್ಲಿಸಿದಿ. ಗುರು ಅಂತ ಗುರು. ನಿನಗ ಸೋಲಾವನ್ನ ಆರಿಸಾಕೂ ಬರಲಿಲ್ಲ."

ವಿಶಾಲ ತಲೆ ಎತ್ತಿದ.

"ನನ್ನ ಲೆಕ್ಕ ತಪ್ಪಿರಲಿಲ್ಲ," ಎಂದ. "ಮೊಣಕಾಲು ಖರೇನ ಬಾತಿತ್ತು. ಅಂವ ಹೊರಗ ಕೂಡಾಂವ ಇದ್ದ. ಅವನ ಬದ್ಲಿ ಆಡಾಂವಗ ಕಡೀ ಗಳಿಗಿಗೆ ವಾಂತಿ ಆತು, ಇವನ್ನ ಇಳಿಸಿದ್ರು. ಅದನ್ನ ಮೊದಲ ಯಾರಿಗೆ ಹೇಳಾಕ ಆಗತಿತ್ತು? ನಾ ಮಾಡಿದ್ದು ಸರೀನ ಇತ್ತು ಮೇಡಂ."

"ನಾ ಮಾಡಿದ್ದು" ಎಂಬುದನ್ನು ಸಾಹೇಬರೂ ಕೇಳಿದರು. ಆಕಳಿಕೆ ನಿಂತಿತು.

ಉಳಿದದ್ದು ತಾನೇ ಬಂತು. ಹೇಗೆ ಪ್ರತಿ ಸಲ ಸರಿಯಾದವನನ್ನು ಆರಿಸುತ್ತೀ ಎಂದು ಕೇಳಲು ಹೋಗಿದ್ದ. ಕಪಿಲ ಕೆಲಸದಿಂದ ತಲೆ ಎತ್ತದೆ, ನಗುತ್ತ, ಹೂವಿನ ಕಥೆ ಹೇಳಿದ. ಆಟ ಮುಗಿಯಲಿ, ಗುರುವನ್ನು ಸೋಲಿಸಿದ್ದು ನಮ್ಮಜ್ಜಿ ಎಂದು ನಿನ್ನ ಶಿಷ್ಯರಿಗೆಲ್ಲ ಹೇಳುತ್ತೇನೆ ಎಂದ. ಕೊಕ್ಕೆ ಕೈಗೆಟಕುವಂತಿತ್ತು. ಮುದುಕಿಗೆ ಮುಖಗಳ ನೆನಪಿರುತ್ತದೆ ಎಂದು ಅವನಿಗೆ ಹೊಳೆಯಲೇ ಇಲ್ಲ.

ಹನಮೇಶನನ್ನು ಹೊರಗೆ ಬಿಟ್ಟರು. ನಡೆಯಲು ಬರಲಿಲ್ಲ. ಗೋಡೆ ಹಿಡಿದುಕೊಂಡು ವಿಶಾಲನ ಮುಂದೆ ನಿಂತ. ಬಯ್ಯುತ್ತಾನೆ ಅಂದುಕೊಂಡರು. ಅವನ ಹುಬ್ಬನ್ನೇ ಸ್ವಲ್ಪ ಹೊತ್ತು ನೋಡಿ ಹೋದ.

* * *

ಮರುದಿನ ಬೆಳಿಗ್ಗೆ ಹುಲಿಗೆವ್ವ ಗೋದಾಬಾಯಿಗೆ ಸುದ್ದಿ ಮುಟ್ಟಿಸಿದಳು. ಮುದುಕಿ ಒಂದೇ ಕೇಳಿದಳು, ನನ್ನ ಕೂಸು ಗೆದ್ದನೇನು? ಗೆದ್ದ ಆಯಿ, ಎಂದಳು ಹುಲಿಗೆವ್ವ.

"ಗೆಲ್ತಾನ. ದೇವಿ ಹೂ ಎಂದೂ ಸುಳ್ಳಾಗಿಲ್ಲ." ಆಕೆ ದಾಸವಾಳದ ಎಸಳು ಹರಿದು ನೀರಲ್ಲಿ ಅದ್ದಿದಳು. ಮೂರ್ತಿಯ ಹಣೆಗೆ ಹಚ್ಚಿದಳು. "ಹೇಳವ್ವಾ. ಆ ಭಾಡ್ಯಾಗ ಶಿಕ್ಷಾ ಆಗತೈತೇನು?"

ಇಬ್ಬರೂ ನೋಡುತ್ತ ಕೂತರು. ನೀರು ಆರುತ್ತ ಬಂತು. ಎಸಳು ಸಡಿಲಾಗಿ ಎಡಕ್ಕೆ ಬಿತ್ತು.

ಮುದುಕಿ ಅದನ್ನು ನೋಡಿದಳು. ಆಮೇಲೆ ಹುಲಿಗೆವ್ವನನ್ನು ನೋಡಿದಳು. ರವಿವಾರ ಹೂ ಬಲ ಕೊಟ್ಟವನೇ ಮುಳುಗಿದ, ಆ ಹೂ ಸುಳ್ಳಾಗಿತ್ತು ಎಂಬ ಒಂದು ಮಾತು ಹುಲಿಗೆವ್ವನ ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ಹೇಳಿದರೆ ಈ ಹೂವೂ ಸುಳ್ಳು. ಆದರೆ ಮೊಮ್ಮಗನನ್ನು ಗೆಲ್ಲಿಸಿದ ಹೂ ಎಂದು ಮುದುಕಿಗೆ ಉಳಿದಿದ್ದದ್ದೂ ಆ ರವಿವಾರದ ಹೂವೊಂದೇ.

ಹುಲಿಗೆವ್ವ ಟೋಪಿ ಇಟ್ಟುಕೊಂಡು ಎದ್ದಳು. ಬಾಗಿಲು ದಾಟುವಾಗ ಬೆನ್ನ ಹಿಂದೆ ಮತ್ತೊಂದು ಎಸಳು ಹರಿಯುವ ಸಪ್ಪಳ ಕೇಳಿತು.