ಬಸಳೆ ತಿನ್ನುವ ಜಿಂಕೆ

"ಬಂತು! ಪುನಃ ಬಂತು! ನನ್ನ ಬಸಳೆ ಇಡೀ ನುಂಗಿತು!"

ಅಜ್ಜಿಯ ಕೂಗು ಕೇಳಿ ಅಶ್ಮಿತಾ ಒಂದು ಶೂ ಕಾಲಿಗೆ ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಹಿತ್ತಲಿಗೆ ಓಡಿದಳು.

ಹಿತ್ತಲು ಎಂದರೆ ದೊಡ್ಡದೇನಲ್ಲ. ಅವರದು ಕೊಲ್ಲಿ ದೇಶದ ವಸತಿ ಬಡಾವಣೆ ಡಿಸ್ಕವರಿ ಗಾರ್ಡನ್ಸ್‌ನ ಕೊನೆಯ ಸಾಲಿನಲ್ಲಿದ್ದ ಗ್ರೌಂಡ್ ಫ್ಲೋರ್ ಫ್ಲ್ಯಾಟು. ಅದರ ಹಿಂಬದಿಗೆ ನಾಲ್ಕು ಕುರ್ಚಿ ಹಿಡಿಸುವಷ್ಟು ಜಾಗ, ಸುತ್ತ ಮೊಣಕಾಲೆತ್ತರದ ಗೋಡೆ. ಗೋಡೆಯಾಚೆ ಕಾರು ನಿಲ್ಲಿಸುವ ಜಾಗ. ಅದರಾಚೆ ಬರೀ ಮರಳು.

ಆ ಮರಳಿನ ಕಡೆಗೆ ಒಂದು ಪುಟ್ಟ ಬಾಲ ಕುಣಿಯುತ್ತಾ ಓಡಿಹೋಗುವುದಷ್ಟೇ ಅವಳಿಗೆ ಕಂಡಿತು.

ನೀಲಿ ಡ್ರಮ್ಮನ್ನು ಅರ್ಧಕ್ಕೆ ಕೊಯ್ದು ಮಾಡಿದ ಕುಂಡದಲ್ಲಿ ಬಸಳೆ ಬಳ್ಳಿ ಬೋಳಾಗಿ ನಿಂತಿತ್ತು. ವಿಸಿಟ್ ವೀಸಾದಲ್ಲಿ ಬರುವಾಗ ಅಜ್ಜಿ ಅದರ ಒಂದು ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಸೀರೆಗಳ ನಡುವೆ ಇಟ್ಟು ಕಾರ್ಕಳದಿಂದ ತಂದಿದ್ದರು.

"ಈ ಊರಲ್ಲಿ ಅದನ್ನು ಕೊಲ್ಲುವವರು ಒಬ್ಬರೂ ಇಲ್ಲವಾ?" ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಕೇಳಿದರು.

ಟೈ ಕಟ್ಟಿಕೊಳ್ಳುತ್ತಿದ್ದ ಪಪ್ಪ ಒಳಗಿನಿಂದಲೇ ನಕ್ಕರು. "ಅಮ್ಮ, ಅದನ್ನು ಮುಟ್ಟಿದರೆ ನಮ್ಮನ್ನೇ ಪೊಲೀಸರು ಹಿಡಿದುಕೊಂಡು ಹೋಗ್ತಾರೆ. ಇಲ್ಲಿ ಜಿಂಕೆಗೆ ನಮಗಿಂತ ಹೆಚ್ಚು ಮರ್ಯಾದೆ ಉಂಟು."

ಆಮೇಲೆ ಪಪ್ಪ ಆಫೀಸಿಗೆ ಹೋದರು. ಅಮ್ಮ ಆಸ್ಪತ್ರೆಯ ಡ್ಯೂಟಿಗೆ ಹೋದಳು. ಅಶ್ಮಿತಾ ಸ್ಕೂಲ್ ಬಸ್ ಹತ್ತಿದಳು. ಬೋಳು ಬಳ್ಳಿಯ ಮುಂದೆ ನಿಂತ ಅಜ್ಜಿಯ ಮುಖ ಬಸ್ಸಿನಲ್ಲಿಯೂ ಅವಳ ಕಣ್ಣ ಮುಂದೆಯೇ ಇತ್ತು.

"ವಾಟ್ ಹ್ಯಾಪನ್ಡ್?" ಪಕ್ಕದ ಸೀಟಿನ ಆಶ್ಲೆ ಕೇಳಿದ. ಅವನ ಮನೆ ಇವರ ಮನೆಯ ಸರಿಯಾಗಿ ಮೇಲೆ. ಅವರೂ ಊರ ಕಡೆಯವರೇ, ಹೋದ ವರ್ಷವಷ್ಟೇ ಅವರೆಲ್ಲ ಅಮೆರಿಕದಿಂದ ಬಂದಿದ್ದರು.

ಅಶ್ಮಿತಾ ಎಲ್ಲ ಹೇಳಿದಳು. ಆಶ್ಲೆಯ ಕಣ್ಣು ಅರಳಿತು.

"ಅಷ್ಟೇನಾ? ನಮ್ಮ ಟೌನ್‌ನಲ್ಲಿ ಜಿಂಕೆಗಳು ಬೆಕ್ಕುಗಳ ಹಾಗೆ ತಿರುಗ್ತಿದ್ವು. ಎಲ್ಲರ ಗಾರ್ಡನ್ ಖಾಲಿ! ಮನೆಗಳು ಹತ್ತಿರ ಹತ್ತಿರ ಅಲ್ವಾ, ಗನ್ ಅಲೌಡ್ ಇಲ್ಲ. ಹಾಗಾಗಿ ಬಿಲ್ಲು ಬಾಣ. ಡ್ಯಾಡಿಗೆ ಪರ್ಮಿಟ್ ಇತ್ತು. ನೇಬರ್ ಮನೆಯ ಹಿಂದೆ ಮರ ಹತ್ತಿ ಕೂತ್ಕೊಳ್ತಿದ್ರು. ಜಿಂಕೆ ಬಂತಾ, ಠಪ್! ಖಲಾಸ್."

"ನಿನಗೂ ಬರ್ತದಾ?"

"ಆಫ್‌ಕೋರ್ಸ್! ನನ್ನ ಬಿಲ್ಲು ಇಲ್ಲೇ ಉಂಟು. ಫೋಮ್ ಜಿಂಕೆಗೆ ಎಷ್ಟು ಸಲ ಹೊಡೆದಿದ್ದೇನೆ ಗೊತ್ತಾ?"

"ಆದರೆ ಪೊಲೀಸರು..."

"ಬಿಲ್ಲು ಸೌಂಡೇ ಮಾಡುದಿಲ್ಲ. ಯಾರಿಗೆ ಗೊತ್ತಾಗ್ತದೆ?"

ಅಶ್ಮಿತಾ ಕಿಟಕಿಯ ಹೊರಗೆ ನೋಡಿದಳು. ತುಂಬಿದ ಬಳ್ಳಿ ಕಂಡರೆ ಅಜ್ಜಿಗೆ ಎಷ್ಟು ಖುಷಿಯಾಗಬಹುದು!

"ಶುಕ್ರವಾರ ಬೆಳಿಗ್ಗೆ. ರಜೆ ಅಲ್ವಾ, ಆಗ ಎಲ್ಲರೂ ಮಲಗಿರ್ತಾರೆ," ಎಂದಳು.

* * *

ಶುಕ್ರವಾರ ಇಬ್ಬರೂ ಪಪ್ಪನ ಕಾರಿನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದರು. ಕಾಲು ಜುಮ್ಮೆನ್ನುತ್ತಿತ್ತು. ಆಶ್ಲೆಯ ಬಿಲ್ಲು ಚಿಕ್ಕದೇ, ಆದರೆ ಬಾಣದ ತುದಿಯಲ್ಲಿ ಲೋಹ ಹೊಳೆಯುತ್ತಿತ್ತು.

"ಡೋಂಟ್ ಮೂವ್," ಅವನು ಉಸುರಿದ.

ಮರಳಿನ ಕಡೆಯಿಂದ ಜಿಂಕೆ ಬಂತು. ಇಷ್ಟು ಹತ್ತಿರದಿಂದ ಅಶ್ಮಿತಾ ಅದನ್ನು ನೋಡಿಯೇ ಇರಲಿಲ್ಲ. ಕಡ್ಡಿಯಂಥ ಕಾಲು. ಒಂದು ಕಿವಿ ಸ್ವಲ್ಪ ಹರಿದಿತ್ತು. ಅದು ಎರಡು ಕಾರುಗಳ ನಡುವೆ ನಿಂತು ಅತ್ತಿತ್ತ ನೋಡಿತು. ಆಮೇಲೆ ತನ್ನದೇ ಮನೆಯೆಂಬಂತೆ ಗೋಡೆ ದಾಟಿ ಹಿತ್ತಲಿಗೆ ಇಳಿಯಿತು.

ಆಶ್ಲೆ ಮೊಣಕಾಲೂರಿ ಹೆದೆ ಎಳೆದ.

ಅಷ್ಟರಲ್ಲಿ ಹಿತ್ತಲಿನ ಗಾಜಿನ ಬಾಗಿಲು ಸರಿಯಿತು. ಹೊರಗೆ ಬಂದದ್ದು ಅಜ್ಜಿ. ಕೈಯಲ್ಲಿ ಕಲ್ಲಂಗಡಿ ಸಿಪ್ಪೆಯ ತಟ್ಟೆ.

"ಬತ್ತನಾ? ಕೋಡೆ ಓಡೆ ಪೋದಿತ್ತ?" ಅಂದರು ಅಜ್ಜಿ.

ಬಂದಿಯಾ, ನಿನ್ನೆ ಎಲ್ಲಿಗೆ ಹೋಗಿದ್ದಿ ಎಂದು ತುಳುವಿನಲ್ಲಿ ಕೇಳಿದ್ದು ಜಿಂಕೆಯನ್ನು! ಜಿಂಕೆ ಹೆದರಲಿಲ್ಲ. ಓಡಲೂ ಇಲ್ಲ. ಅಜ್ಜಿ ತಟ್ಟೆಯನ್ನು ನೆಲಕ್ಕಿಟ್ಟು, ಸ್ಟೂಲಿನ ಮೇಲೆ ಕುಳಿತು, ಮಾತು ಮುಂದುವರಿಸಿದರು. ಅಜ್ಜಿ ಅಷ್ಟು ಉದ್ದುದ್ದ ಮಾತಾಡುವುದನ್ನು ಅಶ್ಮಿತಾ ಇಲ್ಲಿ ಕೇಳಿಯೇ ಇರಲಿಲ್ಲ. ಅಮ್ಮ ಹಾಸನದವಳಾದ್ದರಿಂದ ಮನೆಯಲ್ಲಿ ಎಲ್ಲರದೂ ಕನ್ನಡ. ಅಶ್ಮಿತಾಳದ್ದಂತೂ ಅರ್ಧ ಇಂಗ್ಲಿಷು.

ಆಶ್ಲೆ ಒಂದು ಕಣ್ಣು ಮುಚ್ಚಿ ಇನ್ನೂ ಗುರಿ ಹಿಡಿದೇ ಇದ್ದ. ಅವನಿಗೆ ಜಿಂಕೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

"ಆಶ್ಲೆ, ಬೇಡ! ಅಜ್ಜಿ!"

ಅವಳು ಕಿರುಚಿದ್ದೇ ತಡ, ಅವನ ಬೆರಳು ಜಾರಿತು.

ಠಪ್!

ಜಿಂಕೆ ಚಂಗನೆ ಹಾರಿ ಮರಳಿನತ್ತ ಓಡಿತು. ತಟ್ಟೆ ಮಗುಚಿ ಬಿತ್ತು. ಅಜ್ಜಿಯ ಮೊಣಕಾಲಿನ ಪಕ್ಕದಲ್ಲೇ, ನೀಲಿ ಡ್ರಮ್ಮಿನಲ್ಲಿ ಬಾಣ ನಾಟಿ ನಿಂತು ಅದುರುತ್ತಿತ್ತು.

ಅಶ್ಮಿತಾ ಗೋಡೆ ಹಾರಿ ಓಡಿಬಂದು ಅಜ್ಜಿಯನ್ನು ತಬ್ಬಿಕೊಂಡಳು. ಅವಳಿಗೆ ಬಿಕ್ಕಿ ಬಿಕ್ಕಿ ಅಳು ಬಂತು. ಆಶ್ಲೆ ಕಾರಿನ ಪಕ್ಕ ನಿಂತಲ್ಲೇ ನಿಂತಿದ್ದ. ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು.

"ನನಗೆ ಎಂತದೂ ಆಗಲಿಲ್ಲ ಮಾರಾಯ್ತಿ," ಅಜ್ಜಿ ಅವಳ ಬೆನ್ನು ಸವರಿದರು. "ಆ ಹುಡುಗನನ್ನು ಕರಿ. ಪಾಪ, ಬಿಸಿಲಲ್ಲಿ ನಿಂತಿದ್ದಾನೆ."

"ಅದನ್ನು ಕೊಲ್ಲಬೇಕು ಅಂತ ನೀನೇ ಹೇಳಿದ್ದಲ್ವಾ ಅಜ್ಜಿ?"

"ನಿನ್ನ ಅಪ್ಪ ಸಣ್ಣವನಿದ್ದಾಗ ಅವನಿಗೂ ದಿನಾ ಹೇಳ್ತಿದ್ದೆ, ಕೊಂದು ಹಾಕ್ತೇನೆ ಅಂತ. ಕೊಂದೆನಾ?"

ಗಲಾಟೆಗೆ ಪಪ್ಪ, ಅಮ್ಮ ಎದ್ದು ಬಂದರು. ಮೇಲಿನಿಂದ ಆಶ್ಲೆಯ ಡ್ಯಾಡಿ ವಿಲ್ಫ್ರೆಡ್ ಅಂಕಲ್ ಬರಿಗಾಲಿನಲ್ಲಿ ಓಡಿಬಂದರು. ಬಾಣವನ್ನೂ ಅಜ್ಜಿಯನ್ನೂ ನೋಡಿ ಅವರು ಗೋಡೆಯ ಮೇಲೆ ಕುಸಿದು ಕುಳಿತರು.

ಬೈಗುಳ ಬೀಳುತ್ತದೆಂದು ಮಕ್ಕಳಿಬ್ಬರೂ ತಲೆ ತಗ್ಗಿಸಿದರು. ಪಪ್ಪ ಬೈದರು ಕೂಡ. ಆದರೆ ವಿಲ್ಫ್ರೆಡ್ ಅಂಕಲ್ ಎದ್ದು ಬಂದು ಮಗನ ಕೈಯಿಂದ ಬಿಲ್ಲು ತೆಗೆದುಕೊಂಡರು.

"ಅಲ್ಲಿ ನಾನು ಎಷ್ಟು ಜಿಂಕೆ ಹೊಡೆದೆ, ಗೊತ್ತುಂಟಾ ನಿನಗೆ?"

"ತುಂಬಾ," ಎಂದ ಆಶ್ಲೆ.

"ಒಂದು. ಬಾಕಿ ದಿನ ಮರದಲ್ಲಿ ಚಳಿಗೆ ನಡುಗಿ, ಸುಮ್ಮನೆ ಇಳಿದು ಬಂದದ್ದೇ. ಬಿಲ್ಲು ಎಳೆದಾಗೆಲ್ಲ ಜಿಂಕೆಯ ಹಿಂದೆ ಯಾರದ್ದಾದರೂ ಮನೆಯ ಕಿಟಕಿ ಕಾಣ್ತಿತ್ತು."

ಆಶ್ಲೆ ಅಜ್ಜಿಯ ಹತ್ತಿರ ಹೋಗಿ ಅತ್ತುಬಿಟ್ಟ. ಅಜ್ಜಿ ತಮ್ಮ ಸೆರಗಿನಿಂದಲೇ ಅವನ ಮೂಗು ಒರೆಸಿ, "ಬಾ, ದೋಸೆ ತಿನ್ನು," ಎಂದರು.

* * *

ಅದಾದ ಮೇಲೆ ಜಿಂಕೆ ಬರಲಿಲ್ಲ.

ಬಸಳೆ ಮಾತ್ರ ಸೊಂಪಾಗಿ ಹಬ್ಬಿತು. ಎಲೆಗಳು ಅಂಗೈಯಗಲವಾದವು. ಅಜ್ಜಿ ಸಿಗಡಿ ಹಾಕಿ ಗಸಿ ಮಾಡಿದರು. ಪಪ್ಪ ಎರಡೆರಡು ಸಲ ಬಡಿಸಿಕೊಂಡರು.

"ನೋಡಿ, ಈಗ ಬಸಳೆಗೆ ಕಾಟ ಇಲ್ಲ," ಎಂದಳು ಅಮ್ಮ.

"ಹೌದು," ಅಂದರು ಅಜ್ಜಿ, ಅಷ್ಟೇ. ಅವರ ತಟ್ಟೆಯಲ್ಲಿ ಗಸಿ ಹಾಗೆಯೇ ಇತ್ತು.

ಈಗ ಬೆಳಿಗ್ಗೆ ಮನೆಯಲ್ಲಿ ಕೂಗಿಲ್ಲ, ಬೈಗುಳವಿಲ್ಲ. ಪಪ್ಪ ಆಫೀಸಿಗೆ, ಅಮ್ಮ ಡ್ಯೂಟಿಗೆ, ತಾನು ಸ್ಕೂಲಿಗೆ ಹೋದ ಮೇಲೆ ಅಜ್ಜಿ ಏನು ಮಾಡುತ್ತಾರೆ? ಯಾರ ಹತ್ತಿರ ಮಾತಾಡುತ್ತಾರೆ? ಗಣಿತದ ಪೀರಿಯಡ್‌ನಲ್ಲಿ ಅಶ್ಮಿತಾಳಿಗೆ ಇದ್ದಕ್ಕಿದ್ದಂತೆ ಈ ಪ್ರಶ್ನೆ ಬಂತು. ಆಮೇಲೆ ಬೋರ್ಡಿನ ಮೇಲಿನ ಲೆಕ್ಕ ಅವಳ ತಲೆಗೆ ಹೋಗಲೇ ಇಲ್ಲ.

ಮರುದಿನ ಅವಳು ಅಮ್ಮ ಎಬ್ಬಿಸುವ ಮೊದಲೇ ಎದ್ದಳು. ಅಜ್ಜಿ ಹಿತ್ತಲಿನಲ್ಲಿ ಮರಳಿನ ಕಡೆ ಮುಖ ಮಾಡಿ ಕುಳಿತಿದ್ದರು. ಅಶ್ಮಿತಾ ಇನ್ನೊಂದು ಸ್ಟೂಲ್ ಎಳೆದು ತಂದು ಪಕ್ಕದಲ್ಲಿ ಕುಳಿತಳು.

"ಅಜ್ಜಿ, ಜಿಂಕೆಗೆ ಎಂತ ಹೇಳ್ತಿದ್ದೆ? ನನಗೂ ಹೇಳು."

"ಅದಕ್ಕೆ ತುಳು ಅರ್ಥ ಆಗ್ತಿತ್ತು. ನಿನಗೆಲ್ಲಿ ಆಗ್ತದೆ?"

ಅಶ್ಮಿತಾ ಸ್ವಲ್ಪ ಯೋಚಿಸಿದಳು. ಪಪ್ಪ ಫೋನಿನಲ್ಲಿ ಮಾತಾಡುವಾಗ ಕಿವಿಗೆ ಬಿದ್ದ ಮಾತುಗಳನ್ನೆಲ್ಲ ಒಟ್ಟು ಮಾಡಿ, ತನಗೆ ತುಳು ಬರುತ್ತದೆ ಎಂದು ಜಂಬದಿಂದ ಹೇಳಿದಳು. "ಎಂಕ್ ತುಳು ಬರ್ಪೆ!"

ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಕಣ್ಣೊರೆಸಿಕೊಂಡು, "ಬರ್ಪೆ ಅಲ್ಲ ಮಗಾ, ಅದು ‘ಬರ್ತೇನೆ’ ಅಂತ ಆಯ್ತು. ಬರ್ಪುಂಡು," ಅಂದರು.

"ಬರ್ಪುಂಡು," ಅಂದಳು ಅಶ್ಮಿತಾ.

ಅಜ್ಜಿ ಸ್ಟೂಲನ್ನು ಅವಳ ಹತ್ತಿರಕ್ಕೆ ಸರಿಸಿಕೊಂಡು ಮಾತು ಶುರು ಮಾಡಿದರು. ಅರ್ಧಕ್ಕರ್ಧ ಅರ್ಥವಾಗಲಿಲ್ಲ. ಸ್ಕೂಲ್ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಶ್ಮಿತಾ ಕೆನ್ನೆಗೆ ಕೈಯಿಟ್ಟು ಕೇಳುತ್ತಾ ಕುಳಿತಳು.