ಒಂಬತ್ತನೇ ಪುಟದಲ್ಲಿ ಅವಳಿಲ್ಲ

"ಈ ಹುಡುಗೀನ ಅಳಿಸ್ರಿ!"

ಪರಿಚಯವಾಗಿ ಎರಡು ನಿಮಿಷವೂ ಆಗಿರಲಿಲ್ಲ. ಚಿತ್ರಕಾರ ಸಾಯಿಕುಮಾರ ಕೈಯಲ್ಲಿದ್ದ ಚಹಾವನ್ನು ಹಾಗೇ ಮೇಜಿನ ಮೇಲಿಟ್ಟ.

"ಯಾಕ್ರೀ? ಛಂದ ಇಲ್ಲೇನು?"

ಭಾಗ್ಯಶ್ರೀ ಪುಟ ತಿರುಗಿಸುತ್ತಲೇ ಇದ್ದಳು. ತಾರ್ನಾಕದ ಆ ಪುಟ್ಟ ಪ್ರಕಾಶನದಲ್ಲಿ ಮಕ್ಕಳ ಚಿತ್ರಪುಸ್ತಕಗಳನ್ನು ಸಿದ್ಧಪಡಿಸುವವಳು ಅವಳು. ಕನ್ನಡನಾಡಿನಿಂದ ಇಲ್ಲಿಗೆ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳಿಗಾಗಿ 'ಕಟ್ಟಡ ಹೇಗೆ ಏಳುತ್ತದೆ?' ಎಂಬ ಹನ್ನೆರಡು ಪುಟದ ಪುಸ್ತಕ ಬರೆದಿದ್ದಳು. ಪಾಯ, ಕಂಬಿ, ಇಟ್ಟಿಗೆ... ಎಲ್ಲವನ್ನೂ ಅವನು ಮನಸ್ಸಿಟ್ಟೇ ಬಿಡಿಸಿದ್ದ. ಆದರೆ ಹೆಚ್ಚುಕಡಿಮೆ ಪುಟ ತಿರುಗಿಸಿದಲ್ಲೆಲ್ಲ ಮೂಲೆಯಲ್ಲೊಬ್ಬಳು ಹುಡುಗಿ, ಬೆನ್ನು ತಿರುಗಿಸಿ ನಿಂತವಳು! ಹಸಿರು ಫ್ರಾಕು. ಸಿಮೆಂಟ್ ಚೀಲದ ದಾರದಿಂದ ಕಟ್ಟಿದ ಜುಟ್ಟು.

ಆ ಜುಟ್ಟು ನೀರಿನಲ್ಲಿ ತೇಲುವುದನ್ನು ಭಾಗ್ಯಶ್ರೀ ಎಂಟು ವರ್ಷದವಳಿದ್ದಾಗ ನೋಡಿದ್ದಳು.

"ನಾ ಬರೀಲಾರದ್ದು ಚಿತ್ರದಾಗ ಯಾಕ?"

"ಹುಡುಕಾಕ್ರೀ! ಹುಡುಗ್ರಿಗೆ ಹುಡುಕೋದಂದ್ರ ಭಾಳ ಖುಷಿ. ನಾ ಅಳಸಂಗಿಲ್ಲ. ಬೇಕಂದ್ರ ನನ್ನ ತಗದು ಹಾಕ್ರಿ."

ಎಂಥ ಜಂಬ! ಆದರೂ ಅವನ ನಗು ಅವಳಿಗೆ ಹಿಡಿಸಿಬಿಟ್ಟಿತು, ಸುಳ್ಳೇಕೆ ಹೇಳಬೇಕು?

ಎರಡು ತಿಂಗಳು ಒಟ್ಟಿಗೆ ಕೆಲಸ ಮಾಡಿದರು. ಸಂಜೆ ಉಪ್ಪಲ್ ಬಸ್ಸಿಗೆ ಅವಳನ್ನು ಹತ್ತಿಸಿಯೇ ಅವನು ಮೆಹದಿಪಟ್ಟಣಂ ಬಸ್ಸು ಹುಡುಕುತ್ತಿದ್ದ. ಅವನು ಇಲ್ಲದ ದಿನ ಆಫೀಸು ಬೇಡವೆನಿಸುತ್ತಿತ್ತು. ಆದರೆ ಪ್ರೂಫ್ ಹಾಳೆ ಬಿಚ್ಚಿದರೆ ಸಾಕು, ಕೈ ತಣ್ಣಗಾಗುತ್ತಿತ್ತು. ಆ ಹುಡುಗಿ ನಿನ್ನೆಗಿಂತ ಇವತ್ತು ಚೂರು ಈ ಕಡೆ ತಿರುಗಿದ್ದಾಳಾ...? ಅಳತೆಪಟ್ಟಿ ಇಟ್ಟು ನೋಡಿದಳು. ಇಲ್ಲ. ಇದ್ದ ಹಾಗೇ ಇದ್ದಳು.

ಅಚ್ಚಿಗೆ ಹೋಗುವ ಮುನ್ನ ಪುಸ್ತಕವನ್ನು ಮಕ್ಕಳ ಮುಂದೆ ಓದಿ ನೋಡುವುದು ಅವರ ಪದ್ಧತಿ. ಉಪ್ಪಲ್‌ನಲ್ಲಿ ಏಳುತ್ತಿದ್ದ ಐಟಿ ಪಾರ್ಕೊಂದರ ಹಿಂದೆ, ತಗಡಿನ ಅಂಗನವಾಡಿಯಲ್ಲಿ, ಮಟಮಟ ಮಧ್ಯಾಹ್ನ ಹದಿನೈದು ಮಕ್ಕಳು ಸುತ್ತ ಕೂತವು.

"ಅಲ್ಲೈತಿ! ಇಟ್ಟಂಗಿ ಹಿಂದೈತಿ!"

ಎಂಟು ಪುಟಗಳಲ್ಲೂ ಹುಡುಗಿಯನ್ನು ಹುಡುಕಿ ಚಪ್ಪಾಳೆ ತಟ್ಟಿದವು.

ಒಂಬತ್ತನೇ ಪುಟ ನೀರಿನ ಸಂಪಿನದು. ನೆಲದೊಳಗಿನ ತೊಟ್ಟಿ, ಕಬ್ಬಿಣದ ಮುಚ್ಚಳ, ಪೈಪುಗಳು. ಅಲ್ಲಿ ಹುಡುಗಿ ಇರಲಿಲ್ಲ. ಜಾಗ ಸಾಲಲಿಲ್ಲವೆಂದು ಸಾಯಿಕುಮಾರ ಬಿಟ್ಟಿದ್ದ.

ಮಕ್ಕಳು ಪುಟವನ್ನೆಲ್ಲ ಹುಡುಕಿದವು. ನಾಲ್ಕು ವರ್ಷದ ರೇಣುಕಾ ಮುಂದೆ ಬಂದು, ಚಿತ್ರದ ಮುಚ್ಚಳದ ಮೇಲೆ ಕಿವಿ ಇಟ್ಟಳು.

"ಒಳಗ ಅದಾಳ."

"ಯಾರು ಹೇಳಿದ್ರು ನಿನಗ?" ಭಾಗ್ಯಶ್ರೀ ಬಗ್ಗಿ ಕೇಳಿದಳು.

"ಅಡಗ್ಯಾಳ. ಯಾರೂ ಕರೀವಲ್ರು... ಅದಕ್ಕ ಬರವಲ್ಲಳು."

ಇನ್ನೊಂದು ಮಗು ಕಿವಿ ಇಟ್ಟಿತು. ಮತ್ತೊಂದು... ಭಾಗ್ಯಶ್ರೀ ಪುಸ್ತಕ ಬಿಸಾಕಿ ಹೊರಗೋಡಿದಳು.

ಹಿಂದೆಯೇ ಓಡಿಬಂದ ಸಾಯಿಕುಮಾರ ಮರಳಿನ ಗುಡ್ಡದ ಹತ್ತಿರ ಅವಳನ್ನು ತಡೆದ.

"ಯಾಕ ಹಿಂಗ ಕಾಡಾಕತ್ತೀರಿ ನನ್ನ?" ಅವಳು ಚೀರಿದಳು. "ಎಲ್ಲಾ ಗೊತ್ತಿದ್ದೇ ಆ ಹುಡುಗೀನ ಬಿಡಿಸೀರಿ, ಹೌದಲ್ಲ?"

"ಏನ್ ಗೊತ್ತು? ಅದು ನಮ್ಮಕ್ಕರೀ! ಹುಸೇನಮ್ಮ. ನನ್ನ ಊರಾಗ ಅಜ್ಜಿ ಹತ್ರ ಬಿಟ್ಟು ಎಲ್ಲಾರೂ ಲಾರಿ ಹತ್ತಿದ್ರು. ಹತ್ತೋವಾಗ ಆಕಿ ಬೆನ್ನು ನೋಡಿದ್ದೇ ಕಡೀಕ. ಮಾದಾಪುರದ ಕೆಲಸದ ಜಾಗದಾಗ ಸಂಪಿನಾಗ ಬಿದ್ದು..." ಅವನು ಏಳುತ್ತಿದ್ದ ಕಟ್ಟಡದತ್ತ ತಿರುಗಿಕೊಂಡ. "ಅವ್ವ ನೀರು ತಾ ಅಂತ ಕಳಿಸಿದ್ಲಂತ. ಹದಿನಾಲ್ಕು ವರ್ಷ ಆತು, ನಾನೇ ಕೊಂದೆ ಅಂತ ಈಗ್ಲೂ ಹಣಿ ಬಡಕೋತಾಳ."

ಭಾಗ್ಯಶ್ರೀಯ ಮನೆಯವರೂ ಆಗ ಅದೇ ಜಾಗದಲ್ಲಿ ದುಡಿಯುತ್ತಿದ್ದರು. ಹುಸೇನಿಯ ತಮ್ಮ ಇವನೇನಾ?

ಸುಮ್ಮನಿದ್ದುಬಿಡು, ಎಂದಿತು ಮನಸ್ಸು. ಯಾರಿಗೂ ಗೊತ್ತಿಲ್ಲ. ಹೇಳಿದರೆ ಇವನು ಇನ್ನೆಂದೂ ನಿನ್ನ ಮುಖ ನೋಡುವುದಿಲ್ಲ... ಆದರೆ ಎಲ್ಲೋ ಒಬ್ಬ ತಾಯಿ, ತನ್ನದಲ್ಲದ ತಪ್ಪಿಗೆ ಹಣೆ ಬಡಿದುಕೊಳ್ಳುತ್ತಿದ್ದಾಳೆ!

"ನಿಮ್ಮವ್ವ ಕಳಿಸಿದ್ದಕ್ಕ ಅಲ್ಲ," ಎಂದಳು. ದನಿ ತನ್ನದೇ ಅನಿಸಲಿಲ್ಲ. "ಆಕಿ ಕೊಡ ಹೊರಗಿಟ್ಟು ನನ್ನ ಜೋಡಿ ಆಡಾಕ ಬಂದ್ಲು. ಕಣ್ಣಾಮುಚ್ಚಾಲಿ. ಸಂಪು ಆಗ ಖಾಲಿ ಇತ್ತು. ಆಕಿ ಒಳಗಿಳಿದಿದ್ದು ನಾ ನೋಡಿದ್ದೆ... ಅಷ್ಟರಾಗ ನಮ್ಮವ್ವ ಉಣ್ಣಾಕ ಕರದ್ಲು. ನಾ ಹೋದೆ. ಆಟ ಮುಗೀತು ಅಂತ ಕರೀಲಿಲ್ಲ. ಉಂಡು ಮಲಗಿಬಿಟ್ಟೆ!"

ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಎದ್ದು ಬಂದಾಗ ಟ್ಯಾಂಕರಿನ ಪೈಪು ಸಂಪಿನಾಗಿತ್ತು. ಬಗ್ಗಿ ನೋಡಿದೆ. ಜುಟ್ಟು ಅಷ್ಟ ಮ್ಯಾಲಿತ್ತು. ಅಂಜಿ ಓಡಿಬಂದೆ. ಕೇಳಿದವ್ರಿಗೆಲ್ಲ ಗೊತ್ತಿಲ್ಲ ಅಂದೆ... ಇವತ್ತಿನ ತನಕ ಗೊತ್ತಿಲ್ಲ ಅಂತಲೇ ಅಂದೀನಿ."

ಸಾಯಿಕುಮಾರ ಮರಳಿನ ಮೇಲೆ ಕುಸಿದು ಕೂತ. ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತ. ಅವಳು ಹತ್ತಿರ ಹೋಗಲಿಲ್ಲ, ದೂರವೂ ಹೋಗಲಿಲ್ಲ. ಒಳಗೆ ಮಕ್ಕಳ ಗದ್ದಲ ನಿಂತುಹೋಗಿತ್ತು. ಯಾರೋ ಕೇಳಿಸಿಕೊಳ್ಳುತ್ತಿರುವಂತೆ ಅವಳಿಗನಿಸಿತು.

"ಎಷ್ಟು ವಯಸ್ಸಿತ್ತು ನಿಮಗ?" ಕೊನೆಗೆ ಕೇಳಿದ.

"ಎಂಟು."

"ಎಂಟು..." ಅವನು ತಗಡಿನ ಬಾಗಿಲಲ್ಲಿ ನಿಂತ ರೇಣುಕಾಳತ್ತ ನೋಡಿದ. "ಕೂಸು ಇದ್ರಿ."

"ನಿಮ್ಮವ್ವಗ ನಾನೇ ಹೇಳತೀನಿ. ಎಲ್ಲಾ ಹೇಳತೀನಿ."

"ಒಬ್ಬಾಕೇ ಬ್ಯಾಡ. ನಾ ಬಾಜೂಕ ಕುಂದರತೀನಿ." ಎದ್ದು ಅವಳ ಕೈ ಹಿಡಿದ. ಇಬ್ಬರ ಕೈಗಳೂ ತಣ್ಣಗಿದ್ದವು. "ಈ ಹುಡುಗಿ ನಿನಗ ಏನಾಗಬೇಕು ಅಂತ ಕೇಳತಾಳ ಅವ್ವ. ನನ್ನ ಮನಸಿನಾಕಿ ಅಂತ ಮೊದಲ ಹೇಳಲೋ, ಆಮ್ಯಾಲ ಹೇಳಲೋ?"

ಭಾಗ್ಯಶ್ರೀಯ ಕಣ್ಣಿಂದ ನೀರು ಧಾರಾಕಾರ ಇಳಿಯಿತು.

"ಆಮ್ಯಾಲ... ಎಲ್ಲಾ ಕೇಳಿದ ಮ್ಯಾಲ. ಆಗ ಆಕಿ ನಿಮಗ, ಇಕಿ ಮುಖಾನೂ ನೋಡಬ್ಯಾಡ ಅಂದ್ರ?"

"ಆಗ್ಲೂ ಹೇಳತೀನಿ."