ಬುಧವಾರ ನಾಲ್ಕು ಗಂಟೆಯ ನಂತರ

ನಮ್ಮವರು ಸಿಟಿ ಬಸ್ಸಿನ ಆಫೀಸಿನಲ್ಲಿ ವೇಳಾಪಟ್ಟಿ ಬರೆಯುವವರು. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು, ಎಲ್ಲಿ ಎಷ್ಟು ನಿಮಿಷ ನಿಲ್ಲಬೇಕು, ಎಷ್ಟು ಹೊತ್ತಿಗೆ ತಲುಪಬೇಕು, ಅದೇ ಅವರ ಕೆಲಸ, ಅದೇ ಮಾತು, ಕನಸೂ ಅದೇ ಇರಬೇಕು. ಹೊರಡುವ ಟೈಮ್ ಬರೆದು ಮುಗಿಯುವ ಟೈಮ್ ಬರೆಯದ ಸಾಲು ಅವರ ಜೀವಮಾನದಲ್ಲೇ ಇಲ್ಲ. ಅಂಥವರು ನಮ್ಮ ಪ್ರವಾಸದ ಪಟ್ಟಿಯಲ್ಲಿ ಒಂದು ಸಾಲನ್ನು ಅರ್ಧಕ್ಕೇ ಬಿಟ್ಟಿದ್ದರು. ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಅಲ್ಲಿಂದ.

ಮದುವೆಯಾಗಿ ಆರು ವರ್ಷಕ್ಕೆ ನಾವಿಬ್ಬರೇ ಹೊರಟ ಮೊದಲನೇ ಪ್ರವಾಸ ಅದು. ಪೂರ್ತಿ ಒಂದು ವಾರ. ನನಗೆ ಸಮುದ್ರ ನೋಡುವ ಆಸೆ ಇತ್ತು. ಇವರು ಮಾತ್ರ ಹಟ ಹಿಡಿದು ಆ ಹಳೇ ರಾಜಧಾನಿಯೇ ಆಗಬೇಕೆಂದರು. ಕೋಟೆಗೋಡೆ, ಏಳು ಸೇತುವೆ, ಅರಮನೆ, ಗಂಟೆಗೋಪುರ ಎಂದೆಲ್ಲ ಹೇಳಿ ನನ್ನ ತಲೆ ಸವರಿದರು. ಸರಿ ಅಂದೆ. ಇವರು ಹಟ ಮಾಡುವುದೇ ಅಪರೂಪ, ಒಂದು ಸಲ ಗೆಲ್ಲಲಿ ಪಾಪ ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ಊಟದ ಮೇಜಿನ ತುಂಬ ಹಾಳೆ ಹರಡಿಕೊಂಡು, ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಕೂತಿದ್ದರು.

"ಸೋಮವಾರ ಎಂಟು ಹತ್ತಕ್ಕೆ ತಿಂಡಿ. ಎಂಟು ಮೂವತ್ತೈದಕ್ಕೆ ಮುಗಿಯುತ್ತೆ."

"ನನಗೆ ಇನ್ನೊಂದು ಕಪ್ ಕಾಫಿ ಬೇಕು ಅನ್ಸಿದ್ರೆ?"

"ಅದಕ್ಕೆ ಐದು ನಿಮಿಷ ಸೇರಿಸಿದ್ದೀನಿ ಕಣೇ, ಸೂಜಿ."

ನನ್ನ ಹೊಲಿಗೆ ಅಂಗಡಿಯ ದೆಸೆಯಿಂದ ಬಂದ ಅಡ್ಡಹೆಸರು ಅದು. ಮಾತಿನ ದೆಸೆಯಿಂದ ಎಂದು ಇವರು ಹೇಳುತ್ತಾರೆ. ನಕ್ಕೆ. ನಗುತ್ತಲೇ ಪಟ್ಟಿಯ ಮೇಲೆ ಬೆರಳಾಡಿಸಿದೆ. ಮಂಗಳವಾರ ಸರಿ. ಬುಧವಾರ ಬೆಳಿಗ್ಗೆ ಸೇತುವೆ, ಮಧ್ಯಾಹ್ನ ಊಟ, ಆಮೇಲೆ 'ಸಂಜೆ ನಾಲ್ಕು ಗಂಟೆ' ಅಂತ ಬರೆದು ಮುಂದೆ ಏನೂ ಇಲ್ಲ. ಎಲ್ಲಿಗೆ ಅಂತ ಇಲ್ಲ, ಎಷ್ಟು ಹೊತ್ತಿಗೆ ಮುಗಿಯುತ್ತೆ ಅಂತ ಇಲ್ಲ. ಪಕ್ಕದಲ್ಲಿ ತೆಳ್ಳಗೆ ಒಂದು ಫೋನ್ ನಂಬರ್.

"ರೀ, ಇದೇನು?"

ಕಿವಿಯ ಮೇಲಿದ್ದ ಪೆನ್ಸಿಲ್ ಕೆಳಗೆ ಬಿತ್ತು. "ಅದಾ? ಅದು... ಇನ್ನೂ ಪಕ್ಕಾ ಆಗಿಲ್ಲ. ನೀರು ಕಾದಿದೆಯಾ? ನಾನು ಸ್ನಾನಕ್ಕೆ ಹೋಗ್ತೀನಿ."

ಆಗಲೇ ಸ್ನಾನ ಮಾಡಿ ಕೂತಿದ್ದ ಮನುಷ್ಯ! ಅಷ್ಟು ಸಾಕಾಗಿತ್ತು ನನಗೆ.

ಮಾರನೇ ದಿನ ಇವರ ಅಕ್ಕ ಸ್ಕರ್ಟಿನ ಅಂಚು ಬಿಚ್ಚಿ ಉದ್ದ ಮಾಡಿಸಲು ಅಂಗಡಿಗೆ ಬಂದರು. ಒಳ್ಳೆಯ ಮನಸ್ಸು, ಆದರೆ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ನಾವು ಹೋಗುವ ಊರಿನ ಹೆಸರು ಹೇಳಿದ್ದೇ ತಡ, ಹುಬ್ಬು ಮೇಲೆ ಹೋಯಿತು.

"ಮತ್ತೆ ಅದೇ ಊರಿಗಾ?"

"ಮತ್ತೆ ಅಂದ್ರೆ?"

"ಅಯ್ಯೋ, ನಿನಗೆ ಹೇಳಿಲ್ವಾ? ಟ್ರೇನಿಂಗ್ ಅಂತ ಒಂದು ವರ್ಷ ಅಲ್ಲೇ ಇದ್ದನಲ್ಲ. ಆ ಹಳದಿ ಕೋಟಿನ ಹುಡುಗಿ..." ಎಂದು ನಾಲಿಗೆ ಕಚ್ಚಿಕೊಂಡರು.

ಇವರ ಬದುಕಿನಲ್ಲಿ ಹಿಂದೆ ಯಾರೋ ಒಬ್ಬಳಿದ್ದದ್ದು ನನಗೆ ಗೊತ್ತಿತ್ತು. ಮದುವೆಗೆ ಮುಂಚೆಯೇ ಹೇಳಿದ್ದರು, "ಒಬ್ಬಳಿದ್ದಳು, ಆಗಲಿಲ್ಲ" ಅಂತ. ಎರಡೇ ಪದ. ಊರು ಹೇಳಿರಲಿಲ್ಲ, ಕೋಟಿನ ಬಣ್ಣವನ್ನಂತೂ ಹೇಳಿರಲಿಲ್ಲ. ಗುಮ್ಮನಗುಸುಕ! ಅಕ್ಕನನ್ನು ಬಿಡಲಿಲ್ಲ ನಾನು. ಅವರ ಮೊಬೈಲಿನಲ್ಲಿ ಇದ್ದ ಹಳೇ ಫೋಟೋ ಹುಡುಕಿಸಿ, ನನ್ನ ಮೊಬೈಲಿಗೆ ಕಳಿಸಿಕೊಂಡ ಮೇಲೇ ಸ್ಕರ್ಟಿಗೆ ಕೈಹಾಕಿದ್ದು.

ಫೋಟೋದಲ್ಲಿ ಅವಳು ಸೇತುವೆಯ ಕಟಕಟೆಗೆ ಒರಗಿ ನಿಂತಿದ್ದಳು. ಪಕ್ಕದಲ್ಲಿ ನಮ್ಮವರು, ತಲೆ ತುಂಬ ಕೂದಲು, ಮುಖದ ತುಂಬ ನಗು. ಹೆಂಗಸರು ಬೇರೇನು ನೋಡುತ್ತಾರೋ ಗೊತ್ತಿಲ್ಲ, ನನ್ನ ಕಣ್ಣು ಹೋದದ್ದು ಅಳತೆಗೆ. ಭುಜ ಹದಿನಾಲ್ಕು, ಸೊಂಟ ಇಪ್ಪತ್ತಾರು. ಇಪ್ಪತ್ತಾರು! ನನ್ನದು ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ಫೋಟೋ ದೊಡ್ಡದು ಮಾಡಿ ಮತ್ತೆ ನೋಡಿದೆ. ಕೋಟಿನ ಎಡಗಡೆ ತೋಳು ಸರಿಯಾಗಿ ಕೂತಿರಲಿಲ್ಲ, ಹಿಂದೆ ಮಡಿಕೆ ಬಿದ್ದಿತ್ತು. ಅವತ್ತು ನನಗೆ ಸಿಕ್ಕ ಸಮಾಧಾನ ಅದೊಂದೇ.

ಹೊಟ್ಟೆಕಿಚ್ಚು ಕೈಗೂ ಬರುತ್ತದೆ ಎಂದು ಆಗ ತಿಳಿಯಿತು. ಹದಿನೈದು ವರ್ಷದ ಕಸುಬಿನಲ್ಲಿ ಮೊದಲ ಸಲ ಬಲದ ತೋಳನ್ನು ಎಡಕ್ಕೆ, ಎಡದ ತೋಳನ್ನು ಬಲಕ್ಕೆ ಇಟ್ಟು ಹೊಲಿದುಬಿಟ್ಟೆ, ಅದೂ ವಕೀಲರ ಕೋಟಿಗೆ. ಬಿಚ್ಚುತ್ತಾ ಕೂತಾಗ ಕಣ್ಣಲ್ಲಿ ನೀರು ಬಂತು. ಮಿಷನ್ನಿನ ಮೇಲಿನ ಗೋಡೆ ನೋಡಿದೆ. ಅಲ್ಲಿ ಹಳೇ ಕ್ಯಾಲೆಂಡರಿನಿಂದ ಕತ್ತರಿಸಿ ಅಂಟಿಸಿದ ಒಂದು ಚಿತ್ರ ಇದೆ. ಯಾವುದೋ ಅರಮನೆಯ ಇನ್ನೂರು ವರ್ಷದ ಕೋಟು. ಕಾಲರ್ ಕೊರಳಿಗೆ ಹಾಗೇ ನಿಂತಿದೆ, ಹೊರಗೆ ಒಂದು ಹೊಲಿಗೆಯೂ ಕಾಣುವುದಿಲ್ಲ. ಒಳಗೆ ಹೇಗೆ ಹೊಲಿದಿರಬಹುದು ಎಂದು ಬಂದವರನ್ನೆಲ್ಲ ಕೇಳಿ ಕೇಳಿ ನಾನೇ ನಗೆಪಾಟಲಾಗಿದ್ದೇನೆ. ಇವರು ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಮೊದಲ ಸಲ ಬಂದಾಗಲೂ ಆ ಚಿತ್ರದ ಮುಂದೆಯೇ ಬಹಳ ಹೊತ್ತು ನಿಂತಿದ್ದರು. ನನ್ನನ್ನು ಕದ್ದು ನೋಡುವುದಕ್ಕೆ ಅದೊಂದು ನೆಪ ಎಂದು ನಾನು ಆರು ವರ್ಷದಿಂದ ಬೀಗುತ್ತಿದ್ದೆ.

ತಡೆಯಲಾಗಲಿಲ್ಲ. ಪಟ್ಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿಯೇಬಿಟ್ಟೆ. ಅದು ಹೋಟೆಲಿನದ್ದೋ, ಟ್ಯಾಕ್ಸಿಯದ್ದೋ ಆಗಿರಲಪ್ಪಾ ಎಂದುಕೊಂಡೆ.

"ಹಲೋ?" ಎಂದಿತು ಒಂದು ಹೆಣ್ಣು ದನಿ. ಮೃದುವಾಗಿ, ನಿಧಾನವಾಗಿ. "ಹಲೋ, ಯಾರು?"

ಕಟ್ ಮಾಡಿದೆ. ದನಿಯೂ ಚೆನ್ನಾಗಿರಬೇಕಾ? ಒಂದಾದರೂ ಕೆಟ್ಟದ್ದಿರಬಾರದಾ ಅವಳಿಗೆ?

ಅಂಗಡಿಗೆ ಬೀಗ ಹಾಕಿ ಮನೆಗೆ ಬಂದೆ. ಇವರು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದರು. ನನ್ನ ಮುಖ ನೋಡುವ ಮೊದಲು ಗಡಿಯಾರ ನೋಡಿದರು.

"ಅಂಗಡಿಯಿಂದ ಮನೆಗೆ ನಿನಗೆ ಹನ್ನೊಂದು ನಿಮಿಷ ಬೇಕು. ಸಿಟ್ಟು ಬಂದ್ರೆ ಎಂಟು. ಬೀಗ ಹಾಕ್ದೆ ಅಂತ ಮೆಸೇಜ್ ಮಾಡಿ ಆರೇ ನಿಮಿಷಕ್ಕೆ ಬಂದಿದ್ದೀಯಲ್ಲೇ. ಏನಾಯ್ತು?"

"ನಾನು ಬರಲ್ಲ. ಆ ಊರಿಗೆ ನೀವೊಬ್ಬರೇ ಹೋಗ್ಬನ್ನಿ. ಒಬ್ಬರೇ ಯಾಕೆ, ಅಲ್ಲಿ ಜೊತೆ ಇದ್ದಾರಲ್ಲ. ಹಳದಿ ಕೋಟು."

ಚಾಕು ಕೆಳಗಿಟ್ಟರು. "ಅಕ್ಕ ಹೇಳಿದ್ಲಾ?"

"ಯಾರು ಹೇಳಿದ್ರೇನು, ನೀವು ಹೇಳ್ಲಿಲ್ವಲ್ಲ! ಸಮುದ್ರ ಬೇಡ, ಅದೇ ಊರು ಬೇಕು ಅಂತ ಹಟ. ಬುಧವಾರ ನಾಲ್ಕು ಗಂಟೆಗೆ ಹೋಗೋದು, ಬರೋ ಹೊತ್ತು ಮಾತ್ರ ಗೊತ್ತಿಲ್ಲ. ಬಸ್ಸಿಗೆ ಮೂರು ನಿಮಿಷ ತಡ ಆದ್ರೆ ಊಟ ಬಿಡೋ ನೀವು, ಅವಳಿಗೆ ಅಂತ ಇಡೀ ಸಂಜೆ ಬಿಟ್ಟಿದ್ದೀರಿ. ಆರು ವರ್ಷದಲ್ಲಿ ನನಗೆ ಅಂತ ಒಂದು ಸಂಜೆ ಬಿಟ್ಟಿದ್ದೀರಾ?"

ನನಗೆ ಬೇಕಾಗಿದ್ದದ್ದು ಒಂದೇ ಉತ್ತರ. ಆ ಊರು ಯಾರದ್ದು? ಅವಳದ್ದೇ ಆದರೆ ನಾನು ಅಲ್ಲಿ ಏಳು ದಿನ ಇವರ ಪಕ್ಕದಲ್ಲಿ ನಡೆದರೂ ಲೆಕ್ಕಕ್ಕಿಲ್ಲ.

"ನಂಬರ್ ಅವಳದ್ದೇ," ಎಂದರು ಇವರು. ಸುಳ್ಳು ಹೇಳಲೂ ಬಾರದ ಮನುಷ್ಯ. "ಅಲ್ಲಿನ ಅರಮನೆ ಮ್ಯೂಸಿಯಂನಲ್ಲಿ ಕೆಲಸ ಅವಳಿಗೆ. ಹಳೇ ಬಟ್ಟೆಗಳನ್ನ ನೋಡ್ಕೊಳ್ಳೋದು. ನಿನ್ನ ಗೋಡೆ ಮೇಲಿರೋ ಕೋಟು ಅಲ್ಲೇ ಇರೋದು ಕಣೇ."

"ಆ ಕ್ಯಾಲೆಂಡರಿನ ಕೋಟಾ?" ಎಂದೆ.

"ಮೊದಲನೇ ದಿನ ನಿನ್ನ ಅಂಗಡೀಲಿ ಆ ಚಿತ್ರ ನೋಡಿದ ಕೂಡ್ಲೇ ಗುರುತು ಸಿಕ್ತು. ಆವತ್ತೇ ಹೇಳ್ಬೇಕಿತ್ತು. ಹೇಳಿದ್ರೆ, ಯಾರ ಜೊತೆ ನೋಡಿದ್ರಿ ಅಂತ ನೀನು ಕೇಳ್ತಿದ್ದೆ. ಹೆದರಿದೆ. ಆಮೇಲೆ ಹೇಳೋಣ, ಆಮೇಲೆ ಹೇಳೋಣ ಅಂತ ಆರು ವರ್ಷ ಆಯ್ತು."

"ಅಂದ್ರೆ ಅವತ್ತು ನೀವು ನೋಡ್ತಿದ್ದದ್ದು ನನ್ನನ್ನಲ್ಲ. ಕೋಟನ್ನ!"

"ಕೋಟು ಎರಡು ನಿಮಿಷ. ಮಿಕ್ಕಿದ್ದೆಲ್ಲ ನಿನ್ನನ್ನೇ."

ನಗು ಬಂತು, ನುಂಗಿಕೊಂಡೆ. ಅಷ್ಟು ಸುಲಭಕ್ಕೆ ಬಿಡುವವಳಾ ನಾನು?

"ಆ ಕೋಟು ಗಾಜಿನ ಒಳಗಿರುತ್ತೆ," ಎಂದರು. "ಹೊರಗಿನವರು ಮುಟ್ಟೋ ಹಾಗಿಲ್ಲ. ಒಳಗಿನ ಹೊಲಿಗೆ ನಿನಗೆ ಒಂದು ಸಲ ತೋರಿಸಬೇಕು ಅಂತ ನನಗೆ ಆಸೆ. ಕೇಳೋಕೆ ಅಲ್ಲಿ ಅವಳನ್ನ ಬಿಟ್ರೆ ಯಾರೂ ಗೊತ್ತಿಲ್ಲ. ಹತ್ತು ವರ್ಷ ಮಾತಿಲ್ಲ, ಕತೆಯಿಲ್ಲ. ಮೂರು ಸಲ ನಂಬರ್ ಒತ್ತಿ ಕಟ್ ಮಾಡ್ದೆ, ನಾಲ್ಕನೇ ಸಲ ಮಾತಾಡ್ದೆ."

"ನಾನೂ ಇವತ್ತು ಕಟ್ ಮಾಡ್ದೆ," ಎಂದು ಬಾಯಿ ತಪ್ಪಿ ಬಂದುಬಿಟ್ಟಿತು.

ಇವರು ನನ್ನನ್ನೇ ನೋಡಿದರು. ಕಣ್ಣಂಚಿನಲ್ಲಿ ಈರುಳ್ಳಿಯ ನೀರು, ತುಟಿಯಂಚಿನಲ್ಲಿ ಕಳ್ಳನಗು. ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಅದೇ ನಂಬರ್! ಇವರತ್ತ ಚಾಚಿದರೆ ಇವರು ಎರಡು ಹೆಜ್ಜೆ ಹಿಂದೆ ಸರಿದರು. ನಾನೇ ಎತ್ತಿದೆ.

"ಆಗಲೇ ಈ ನಂಬರಿಂದ ಫೋನ್ ಬಂದು, ಮಾತಿಲ್ಲದೆ ಕಟ್ ಆಯ್ತು," ಎಂದಿತು ಅದೇ ಮೃದು ದನಿ. "ಹೊಲಿಗೆ ಅಂಗಡಿಯವರೇ ಇರ್ಬೇಕು ಅನ್ಕೊಂಡೆ. ನೀವೇನಾ?"

"ಹೂಂ," ಅಂದೆ. ಏನೇನೋ ಅನ್ನಬೇಕೆಂದು ದಿನವಿಡೀ ಕಲಿತಿದ್ದೆ. ಬಾಯಿಂದ ಬಂದದ್ದು ಬೇರೆ. "ನಿಮ್ಮ ಹಳದಿ ಕೋಟಿನ ಎಡಗಡೆ ತೋಳು ಸರಿಯಾಗಿ ಕೂತಿಲ್ಲ."

ಆ ಕಡೆಯಿಂದ ಜೋರು ನಗು. "ನಾನು ಅವತ್ತೇ ಹೇಳಿದ್ದೆ! ಅವರು ನಂಬಲೇ ಇಲ್ಲ. ಎರಡೂ ಒಂದೇ ಥರ ಇದೆ ಅಂತಿದ್ರು."

"ಇವರಿಗೆ ಬಟ್ಟೆ ವಿಷಯ ಏನು ಗೊತ್ತು!"

"ಏನೂ ಗೊತ್ತಿಲ್ಲ. ಆದ್ರೆ ನಿಮ್ಮ ಕೆಲಸದ ಬಗ್ಗೆ ಅರ್ಧ ಗಂಟೆ ಹೇಳಿದ್ರು. ನನ್ನನ್ನ ಹೇಗಿದ್ದೀಯಾ ಅಂತ ಕೇಳಿದ್ದು ಫೋನ್ ಇಡೋವಾಗ." ಆಮೇಲೆ ಹೇಳಿದಳು, "ಇವತ್ತು ಒಪ್ಪಿಗೆ ಸಿಕ್ತು. ಬುಧವಾರ ನಾಲ್ಕು ಗಂಟೆ. ಕೋಟು ಹೊರಗೆ ತೆಗೆದಿಟ್ಟಿರ್ತೀನಿ."

ಫೋನ್ ಇಟ್ಟೆ. ಹೊಟ್ಟೆಕಿಚ್ಚು ಆರಿತ್ತು ಎಂದರೆ ಸುಳ್ಳಾಗುತ್ತದೆ. ಇವರು ಒಂದು ಕಾಲದಲ್ಲಿ ಅವಳನ್ನು ಇಷ್ಟಪಟ್ಟಿದ್ದು ಯಾಕೆಂದು ಈಗ ನನಗೆ ಗೊತ್ತಾಗಿತ್ತು, ಅದು ಇನ್ನೂ ಉರಿ. ಆದರೆ ಆ ಉರಿಯ ಪಕ್ಕದಲ್ಲೇ ಮನಸ್ಸು ಹಗುರವಾಗಿ, ಅಳು ಬರುವ ಹಾಗಾಗಿತ್ತು.

ಪಟ್ಟಿ ತಂದು ಇವರ ಮುಂದೆ ಹಿಡಿದೆ. "ಪಕ್ಕಾ ಆಯ್ತಂತೆ. ಮುಗಿಯೋ ಟೈಮ್ ಬರೀರಿ."

"ಹೇಗೆ ಬರೀಲಿ? ಆ ಕೋಟು ನಿನ್ನ ಕೈಗೆ ಸಿಕ್ಕಿದ್ಮೇಲೆ ನೀನು ಯಾವಾಗ ಏಳ್ತೀಯ ಅಂತ ಯಾರಿಗೆ ಗೊತ್ತು? ಒಂದು ಗಂಟೆ ಬರೆದ್ರೆ ನಿನಗೆ ಅವಸರ ಆಗುತ್ತೆ. ಅದಕ್ಕೇ ಬಿಟ್ಟೆ. ನೀನು ಸಾಕು ಅನ್ನೋವರೆಗೂ."

ಬಸ್ಸಿನ ಹಿಂದೆ ಓಡಿ ಬರುವವರಿಗೂ ಅರ್ಧ ನಿಮಿಷ ಕೊಡಬಾರದು ಎನ್ನುವ ಮನುಷ್ಯ ಇವರು.

"ನೀವೇನು ಮಾಡ್ತೀರಿ ಅಷ್ಟು ಹೊತ್ತು?"

"ಹೊರಗೆ ಬೆಂಚಿದೆ. ಕೂತಿರ್ತೀನಿ."

"ಅವಳು?"

"ನಿನ್ನ ಜೊತೆ ಒಳಗೆ."

ಸ್ವಲ್ಪ ಯೋಚಿಸಿದೆ. ಬೆಂಚಿಗೂ ಬಾಗಿಲಿಗೂ ಎಷ್ಟು ದೂರವೋ, ಅವಳು ಎಷ್ಟು ಸಲ ಹೊರಗೆ ಬರುತ್ತಾಳೋ! ಇವರ ಕಿವಿಯಿಂದ ಪೆನ್ಸಿಲ್ ಕಿತ್ತುಕೊಂಡೆ.

"ಬೆಂಚು ಗಿಂಚು ಏನೂ ಬೇಡ. ನೀವೂ ಒಳಗೇ ಬರ್ಬೇಕು. ಕೋಟಿನ ಇನ್ನೊಂದು ತುದಿ ಹಿಡ್ಕೊಳ್ಳೋಕೆ ಜನ ಬೇಕು."

"ಅದಕ್ಕೆ ಅವಳಿದ್ದಾಳಲ್ಲ?"

"ರೀ!"

ಇವರು ಗಹಗಹಿಸಿ ನಕ್ಕರು. ಈರುಳ್ಳಿ ವಾಸನೆಯ ಕೈಯಲ್ಲೇ ನನ್ನ ಮುಖ ಹಿಡಿದುಕೊಂಡರು. "ಆಯ್ತು ಮಹಾರಾಯ್ತಿ. ಒಳಗೇ ಬರ್ತೀನಿ. ಯಾವ ಕಡೆ ನಿಲ್ಲು ಅಂತೀಯೋ ಆ ಕಡೆ."

ಹೊರಡಲು ಇನ್ನೂ ಹನ್ನೆರಡು ದಿನವಿತ್ತು. ಮರುದಿನವೇ ಕಡುಗೆಂಪು ಬಟ್ಟೆ ತಂದು ನನಗೊಂದು ಕೋಟು ಕತ್ತರಿಸಿದೆ. ತೋಳು ಕೂರಿಸಲು ಎರಡು ದಿನ ತಗೊಂಡೆ. ಒಂದು ಮಡಿಕೆ ಬೀಳಬಾರದು ನೋಡಿ, ಬುಧವಾರ ಅದನ್ನೇ ಹಾಕಿಕೊಳ್ಳುವುದು.

ಪಟ್ಟಿಯ ಆ ಸಾಲನ್ನು ಮಾತ್ರ ಪೂರ್ತಿ ಮಾಡಲಿಲ್ಲ. 'ಸಂಜೆ ನಾಲ್ಕು ಗಂಟೆ' ಎಂಬುದರ ಮುಂದೆ 'ಇಬ್ಬರೂ' ಎಂದಷ್ಟೇ ಬರೆದು, ಮುಗಿಯುವ ಟೈಮ್ ಇವರು ಬಿಟ್ಟ ಹಾಗೇ ಬಿಟ್ಟೆ.